ಕಡಲದಂಡೆಯ ಗಾಳಕ್ಕೆ ಕಡಿಮೆ ಖರ್ಚಿನ ರಾಡ್, ರೀಲ್: ದಾವಣಗೆರೆ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಿಂದ ಹೊನ್ನಾವರದ ಮರಳಿಗೆ ಹೆಚ್ಚುಕಡಿಮೆ 240 ಕಿ.ಮೀ. ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆ ಘಾಟಿ ಇಳಿದರೆ ಕಡಲು. ವರ್ಷಕ್ಕೆ ನಾಲ್ಕೈದು ಸಲ ಹೋಗಿಬರುತ್ತೇನೆ. ಉಳಿದ ದಿನ ಸೂಳೆಕೆರೆ, ಇಲ್ಲವೇ ಹರಿಹರದ ಹೊಳೆ. ಜೊತೆಗೆ ಬರುವ ಆಸೆ ಇರುವವರೆಲ್ಲ ಕೇಳುವುದು ಅದೇ ಹತ್ತಿಪ್ಪತ್ತು ಪ್ರಶ್ನೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಇದು ದಿನಾ ಕಡಲಿಗೆ ಇಳಿಯುವವರಿಗಲ್ಲ, ನಮ್ಮಂಥ ಬಯಲುಸೀಮೆಯವರಿಗೆ.

ಕೆರೆಗೆ ಅಂತ ತಗೊಂಡ ರಾಡ್ ಇದೆ. ಅದೇ ಸಾಲಲ್ವಾ?

ಸಾಲಲ್ಲ. ಕೆರೆಯ ರಾಡ್ ಆರೇಳು ಅಡಿ ಇರುತ್ತದೆ, ಹತ್ತರಿಂದ ಮೂವತ್ತು ಗ್ರಾಂ ಎಸೆಯಲು ಮಾಡಿದ್ದು. ಕಡಲಲ್ಲಿ ಮೂವತ್ತು ಗ್ರಾಂ ಸೀಸದ ಗುಂಡು ಹಾಕಿದರೆ ಎರಡನೇ ಅಲೆಗೇ ಉರುಳಿಕೊಂಡು ನಿಮ್ಮ ಕಾಲಬುಡಕ್ಕೆ ವಾಪಸ್. ಕೊಕ್ಕೆಗೆ ಸಿಕ್ಕಿಸಿದ ಎರೆ ಕದಲದೆ ಮರಳಿನ ಮೇಲೆ ಕೂರಬೇಕು ಅಂದರೆ 80ರಿಂದ 120 ಗ್ರಾಂ ಸೀಸ ಬೇಕು. ಅಷ್ಟು ಭಾರವನ್ನು ಕೆರೆ ರಾಡಿನಲ್ಲಿ ಬೀಸಿದರೆ ತುದಿ ಲಟಕ್ ಅನ್ನುತ್ತದೆ. ಇನ್ನೊಂದು ಕಾರಣ ಉದ್ದ. ದಡದ ಹತ್ತಿರ ಒಡೆಯುವ ಅಲೆಗಳ ಮೇಲಿಂದ ದಾರ ಹೋಗಬೇಕು. ರಾಡ್ ಗಿಡ್ಡ ಇದ್ದರೆ ಪ್ರತಿ ಅಲೆಯೂ ದಾರವನ್ನು ಎಳೆದಾಡಿ ಗುಂಡನ್ನು ಕೀಳುತ್ತದೆ.

ಒಟ್ಟು ಎಷ್ಟು ದುಡ್ಡು ಇಟ್ಟುಕೊಳ್ಳಬೇಕು?

ನಾನು ಮೊದಲ ಸಲಕ್ಕೆ ಹೇಳುವುದು ಆರು ಸಾವಿರ ರೂಪಾಯಿ. ಎರಡೂವರೆ ಸಾವಿರ ರಾಡಿಗೆ, ಎರಡೂವರೆ ಸಾವಿರ ದಾರ ಸುತ್ತುವ ರೀಲಿಗೆ, ಉಳಿದ ಸಾವಿರ ದಾರ, ಗುಂಡು, ಕೊಕ್ಕೆಗೆ. ಎಲ್ಲಾದರೂ ಉಳಿಸಲೇಬೇಕು ಅಂದರೆ ರಾಡಿನಲ್ಲಿ ಉಳಿಸಿ. ಸಾಧಾರಣ ರಾಡ್ ಸ್ವಲ್ಪ ಭಾರ ಇರುತ್ತದೆ, ತೋಳು ನೋಯುತ್ತದೆ, ಅಷ್ಟೇ. ಕಳಪೆ ರೀಲ್ ಮಾತ್ರ ಮೀನು ಎಳೆಯುವ ಹೊತ್ತಿಗೇ ಕೈಕೊಡುತ್ತದೆ.

ಪೆಟ್ರೋಲ್, ಊಟ, ರೂಮಿನ ಖರ್ಚು ಇದರಲ್ಲಿ ಸೇರಿಲ್ಲ. ಮನೆಯಲ್ಲಿ ಲೆಕ್ಕ ಕೇಳಿದಾಗ ನಾನು ರಾಡ್, ರೀಲ್ ಅಷ್ಟನ್ನೇ ಹೇಳುವುದು.

ಎಷ್ಟು ಅಡಿ ರಾಡ್ ತಗೋಬೇಕು?

12 ಅಡಿ, ಅಂದರೆ ಸುಮಾರು 3.6 ಮೀಟರ್. ಎತ್ತರ ಕಡಿಮೆ ಇರುವವರಿಗೆ, ತೋಳಿನಲ್ಲಿ ಅಷ್ಟು ಶಕ್ತಿ ಇಲ್ಲದವರಿಗೆ 10 ಅಡಿಯೂ ಆಗುತ್ತದೆ. 14 ಅಡಿಯದು ನೋಡೋಕೆ ಗತ್ತು. ಆದರೆ ಬೀಸುವ ಕಲೆ ಗೊತ್ತಿಲ್ಲದವರ ಕೈಯಲ್ಲಿ ಅದು 12 ಅಡಿಗಿಂತ ಕಡಿಮೆ ದೂರ ಎಸೆಯುತ್ತದೆ. ನನ್ನ ಮೊದಲ ರಾಡ್ 14 ಅಡಿ. ಅದರ ಕಥೆ ಮುಂದಿನ ಪ್ರಶ್ನೆಯಲ್ಲಿದೆ.

ಒಂದರೊಳಗೊಂದು ಜಾರುವ ಟೆಲಿಸ್ಕೋಪಿಕ್ ಚೆನ್ನಾಗಲ್ವಾ? ಮಡಿಸಿದರೆ ಬ್ಯಾಗಿಗೇ ಹೋಗುತ್ತೆ.

ಹೋಗುತ್ತೆ, ಮಡಿಸೋಕೆ ಬಂದರೆ. ನಾನು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 14 ಅಡಿಯ ಟೆಲಿಸ್ಕೋಪಿಕ್ ತರಿಸಿದ್ದೆ. ಹೊನ್ನಾವರದ ಪಕ್ಕದ ಕಾಸರಕೋಡಿನ ದಂಡೆಯಲ್ಲಿ ಒಂದು ಸಲ ಕೈಜಾರಿ ಮರಳಿನ ಮೇಲೆ ಬಿತ್ತು. ಒರೆಸಿ ಮತ್ತೆ ಎಸೆದೆ. ಸಂಜೆ ಮಡಿಸಲು ಹೋದರೆ ಮೇಲಿನ ಮೂರು ತುಂಡು ಒಳಗೆ ಹೋದವು, ಕೆಳಗಿನ ಎರಡು ಅಲುಗಲಿಲ್ಲ. ಕೀಲಿನೊಳಗೆ ಮರಳು ಕಚ್ಚಿಕೊಂಡಿತ್ತು. ಇಬ್ಬರು ಎರಡು ಕಡೆ ಹಿಡಿದು ತಿರುಚಿದೆವು, ಅಂಗೈ ಕೆಂಪಾಯಿತೇ ಹೊರತು ರಾಡ್ ಜಗ್ಗಲಿಲ್ಲ. ಗೆಳೆಯನ ಓಮ್ನಿಯ ಕಿಟಕಿಯಿಂದ ಅದನ್ನು ಹೊರಗೆ ಚಾಚಿಕೊಂಡೇ ಗೇರುಸೊಪ್ಪೆ ಘಾಟಿ ಹತ್ತಿದೆವು. ಎದುರಿಗೆ ಬಸ್ ಬಂದಾಗಲೆಲ್ಲ ಎದೆ ಢವಢವ. ಸಾಗರದ ಹತ್ತಿರ ಒಂದು ಚಹಾದಂಗಡಿಯಲ್ಲಿ ಬಿಸಿನೀರು ಕೇಳಿ ಕೀಲಿನ ಮೇಲೆ ಹೊಯ್ದು ತಿರುಚಿದಾಗ ಬಿಟ್ಟಿತು. ಒಳಗೆ ಉದ್ದಕ್ಕೂ ಗೀರು ಬಿದ್ದಿತ್ತು. ಮುಂದಿನ ಸಲ ಎಸೆದಾಗ ಅದೇ ಜಾಗದಲ್ಲಿ ಮುರಿಯಿತು.

ತುಂಡು ಸೇರಿಸುವ ರಾಡ್ ತಗೊಳ್ಳಿ. ಎರಡು ತುಂಡಿನದಾದರೆ ಒಂದೊಂದು ಆರಡಿಗೂ ಸ್ವಲ್ಪ ಜಾಸ್ತಿ, ಮೂರು ತುಂಡಿನದಾದರೆ ನಾಲ್ಕಡಿಗೆ ಚೂರು ಜಾಸ್ತಿ. ಬಸ್ಸಿನಲ್ಲಿ, ಬೈಕಿನಲ್ಲಿ ಹೋಗುವವರಿಗೆ ಮೂರು ತುಂಡಿನದೇ ಸರಿ. ಸೇರಿಸುವ ಮುಂಚೆ ಕೀಲನ್ನು ಒಣ ಬಟ್ಟೆಯಿಂದ ಒರೆಸಿ. ಸೇರಿಸಿದ ಮೇಲೆ ದಾರ ಹಾಯುವ ಉಂಗುರಗಳೆಲ್ಲ ಒಂದೇ ಸಾಲಿನಲ್ಲಿ ಇವೆಯಾ ಅಂತ ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಿ. ಬಂದೂಕಿನ ಗುರಿ ನೋಡಿದ ಹಾಗೆ.

ರಾಡಿನ ಮೇಲೆ 100–150 ಗ್ರಾಂ ಅಂತ ಬರೆದಿರುತ್ತೆ. ಅದು ಮೀನಿನ ತೂಕವಾ?

ಈ ಪ್ರಶ್ನೆಗೆ ನಗಬೇಡಿ, ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ. ಅದು ನೀವು ಎಸೆಯುವ ತೂಕ. ಗುಂಡು, ಎರೆ ಎರಡೂ ಸೇರಿ ಅಷ್ಟರೊಳಗೆ ಇರಬೇಕು. 100 ಗ್ರಾಂ ಗುಂಡಿಗೆ ಅರ್ಧ ಬಂಗುಡೆ ಕಟ್ಟಿದರೆ ತೂಕ ಸುಲಭವಾಗಿ 140 ದಾಟುತ್ತದೆ. ಆದ್ದರಿಂದ 100–150ರ ರಾಡ್ ನಮಗೆ ಹದ. ತೀರಾ ಕಡಿಮೆ ತೂಕ ಹಾಕಿದರೂ ಕಷ್ಟವೇ. ರಾಡ್ ಬಾಗುವುದಿಲ್ಲ. ಬಾಗದಿದ್ದರೆ ಗುಂಡು ದೂರ ಹೋಗುವುದಿಲ್ಲ.

ಗ್ಲಾಸ್ ಫೈಬರಾ, ಕಾರ್ಬನ್ನಾ?

ಎರಡೂ ಬೆರೆಸಿದ್ದು ಸಿಕ್ಕರೆ ಅದು. ಪೂರ್ತಿ ಗಟ್ಟಿ ಗ್ಲಾಸ್ ಫೈಬರ್ ರಾಡ್ ಲಾಠಿ ಹಿಡಿದ ಹಾಗೆ, ಒಂದು ಗಂಟೆಗೆ ಭುಜ ಸೋಲುತ್ತದೆ. ಆದರೆ ಮುರಿಯುವುದು ಅಪರೂಪ. ಕಾರ್ಬನ್ ಹಗುರ, ಕಲ್ಲಿಗೆ ತಾಗಿದರೆ ಬಿರುಕು ಬಿಡುತ್ತದೆ. ಕಾರ್ಬನ್ನಿಗೆ ಕರೆಂಟ್ ಹರಿಯುತ್ತದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ಗುಡುಗು ಕೇಳಿಸಿದರೆ ರಾಡ್ ಕೆಳಗಿಟ್ಟು ದಂಡೆ ಬಿಡಿ.

ಪಾರ್ಸೆಲ್ ಬಂದ ಮೇಲೆ ಏನು ನೋಡಬೇಕು?

ನಮ್ಮೂರಲ್ಲಿ ಬಲೆ, ತಂಗೂಸಿ, ಗಾಳ ಸಿಗುತ್ತವೆ. 12 ಅಡಿ ರಾಡ್ ಇಟ್ಟ ಅಂಗಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಆನ್‌ಲೈನೇ ಗತಿ. ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಆಮೇಲೆ ಒಂದು ಚೂರು ಹತ್ತಿ ತಗೊಂಡು ಪ್ರತಿ ಉಂಗುರದ ಒಳಗೆ ತಿರುಗಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಅಂತ ಅರ್ಥ. ಕಣ್ಣಿಗೆ ಕಾಣದ ಆ ಬಿರುಕು ನಿಮ್ಮ ದಾರವನ್ನು ಹತ್ತೇ ಎಸೆತದಲ್ಲಿ ಸವೆಸುತ್ತದೆ. ಹತ್ತಿ ಮಿಲ್ಲುಗಳ ಊರಿನವರಿಗೆ ಹತ್ತಿ ಎಲ್ಲಿ ಸಿಗುತ್ತೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ತುಂಡುಗಳನ್ನು ಸೇರಿಸಿ ಅಲ್ಲಾಡಿಸಿ. ಕಟಕಟ ಸದ್ದು ಬಂದರೆ ವಾಪಸ್ ಮಾಡಿ. ರೀಲ್ ಕೂರುವ ಜಾಗದ ತಿರುಪು ಬಿಗಿ ಮಾಡಿ, ರೀಲ್ ಅಲುಗಬಾರದು.

ರೀಲ್ ಯಾವ ಸೈಜು?

5000 ಅಥವಾ 6000. ಆದರೆ ಆ ನಂಬರನ್ನು ಪೂರ್ತಿ ನಂಬಬೇಡಿ. ಒಂದು ಕಂಪನಿಯ 5000 ಇನ್ನೊಂದು ಕಂಪನಿಯ 6000ಕ್ಕೆ ಸಮ ಇರಬಹುದು. ದಾರ ಸುತ್ತಿಕೊಳ್ಳುವ ಉರುಳೆ, ಅಂದರೆ ಸ್ಪೂಲಿನ ಮೇಲೆ ಎಷ್ಟು ದಪ್ಪದ ದಾರ ಎಷ್ಟು ಮೀಟರ್ ಹಿಡಿಯುತ್ತದೆ ಅಂತ ಬರೆದಿರುತ್ತದೆ, ಅದನ್ನು ನೋಡಿ. 0.35 ಮಿ.ಮೀ. ದಾರ 200 ಮೀಟರಿಗಿಂತ ಜಾಸ್ತಿ ಹಿಡಿದರೆ ಸಾಕು. 8000, 10000 ಸೈಜಿನ ರೀಲ್ ಕೈಗೆ ಕಲ್ಲು ಕಟ್ಟಿದ ಹಾಗೆ.

13 ಬೇರಿಂಗ್ ಇರೋದು ಒಳ್ಳೇದಲ್ವಾ?

ಇಲ್ಲ. ಅಗ್ಗದ ರೀಲಿನಲ್ಲಿ 13 ಬೇರಿಂಗ್ ಅಂದರೆ ತುಕ್ಕು ಹಿಡಿಯುವ ಜಾಗ 13 ಅಂತ ಲೆಕ್ಕ. ಒಳ್ಳೆಯ ನಾಲ್ಕೈದು ಬೇರಿಂಗ್ ಇರುವ ರೀಲ್ ಎಷ್ಟೋ ವಾಸಿ. ನೀವು ನೋಡಬೇಕಾದ್ದು ಡ್ರ್ಯಾಗ್. ಮೀನು ಜೋರಾಗಿ ಎಳೆದಾಗ ದಾರ ಕಿತ್ತುಹೋಗದ ಹಾಗೆ ಸ್ಪೂಲ್ ಜಾರಿ ದಾರ ಬಿಡುವ ವ್ಯವಸ್ಥೆ ಅದು. ಡಬ್ಬಿಯ ಮೇಲೆ 15 ಕಿಲೋ, 20 ಕಿಲೋ ಅಂತ ಬರೆದಿರುತ್ತಾರೆ. ನಮಗೆ ಬೇಕಾದ್ದು ಎರಡೂವರೆ ಕಿಲೋ, ಆದರೆ ಜಗ್ಗದೆ, ತಡವರಿಸದೆ, ಬೆಣ್ಣೆಯ ಹಾಗೆ ಜಾರಬೇಕು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎರಡು ಲೀಟರಿನ ಬಾಟಲಿಗೆ ನೀರು ತುಂಬಿ. ಒಂದು ಲೀಟರ್ ನೀರು ಒಂದು ಕಿಲೋ, ಅಲ್ಲಿಗೆ ಎರಡು ಕಿಲೋ. ಮಹಡಿಯ ಮೇಲೆ ನಿಂತು ರೀಲಿನ ದಾರಕ್ಕೆ ಬಾಟಲಿ ಕಟ್ಟಿ ಕೆಳಗೆ ಬಿಡಿ. ಡ್ರ್ಯಾಗನ್ನು ಬಾಟಲಿ ನಿಲ್ಲುವಷ್ಟು ಬಿಗಿ ಮಾಡಿ, ಆಮೇಲೆ ಚೂರುಚೂರೇ ಸಡಿಲಿಸಿ. ಬಾಟಲಿ ಒಂದೇ ಸಮ ನಿಧಾನಕ್ಕೆ ಇಳಿದರೆ ರೀಲ್ ಒಳ್ಳೆಯದು. ನಿಂತು, ದಡಕ್ಕನೆ ಜಾರಿ, ಮತ್ತೆ ನಿಂತರೆ ಅಂಥ ರೀಲಿನಲ್ಲಿ ದೊಡ್ಡ ಮೀನು ದಾರ ಹರಿದುಕೊಂಡು ಹೋಗುತ್ತದೆ. ಕೆಳಗೆ ಯಾರೂ ನಿಂತಿಲ್ಲ ಅಂತ ನೋಡಿಕೊಳ್ಳಿ, ಪಕ್ಕದ ಮನೆಯವರ ಹತ್ತಿರ ನಾನು ಬೈಸಿಕೊಂಡಿದ್ದೇನೆ.

ಕಂಪನಿ ಯಾವುದು ಹೇಳಿ ಸಾಕು, ಉಳಿದದ್ದು ಬಿಡಿ.

ಶಿಮಾನೊ, ಡೈವಾ, ಪೆನ್, ಒಕುಮಾ ಇವೆಲ್ಲ ಹೆಸರಿರುವವು. ಪೆನ್ 1932ರಲ್ಲಿ ಶುರುವಾದ ಕಂಪನಿ, ಕಡಲಿಗೇ ಹೆಸರುವಾಸಿ. ಶಿಮಾನೊ ಅಂದರೆ ಸೈಕಲ್ ಗೇರ್ ಮಾಡುವ ಅದೇ ಕಂಪನಿ. ಡೆಕಾತ್ಲಾನಿನ ಕ್ಯಾಪರ್ಲಾನ್ ರಾಡುಗಳನ್ನು ಬೆಂಗಳೂರಿಗೆ ಹೋದಾಗ ಕೈಯಲ್ಲಿ ಹಿಡಿದು ನೋಡಬಹುದು. ಹೆಸರಿನ ಕಂಪನಿಯ ತೀರಾ ಅಗ್ಗದ ಮಾಡೆಲ್ ತಗೊಳ್ಳುವುದಾ, ಹೆಸರಿಲ್ಲದ ಕಂಪನಿಯ ದುಬಾರಿ ಮಾಡೆಲ್ಲಾ ಅಂತ ಕೇಳಿದರೆ ನನ್ನ ಓಟು ಮೊದಲನೆಯದಕ್ಕೆ. ಬಿಡಿಭಾಗ ಸಿಗುವ ಸಾಧ್ಯತೆಯಾದರೂ ಇರುತ್ತದೆ.

ರಾಡ್, ರೀಲ್, ದಾರ, ಡಬ್ಬಿ, ಹುಳ ಎಲ್ಲ ಸೇರಿ 1,500 ರೂಪಾಯಿ ಅನ್ನುವ ಕಾಂಬೋ ಕಡೆ ತಿರುಗಿಯೂ ನೋಡಬೇಡಿ.

ದಾರ ಯಾವುದು? ಬ್ರೇಡ್ ಹಾಕಲಾ?

ಮೊದಲ ವರ್ಷ ಸುಮ್ನೆ ನೈಲಾನ್ ತಂಗೂಸಿ ಹಾಕಿ. 0.35 ಮಿ.ಮೀ. ದಪ್ಪದ್ದು. ಅಗ್ಗ, ಮರಳಿನಲ್ಲಿ ಉಜ್ಜಿದರೂ ತಡೆಯುತ್ತದೆ, ಗೋಜಲಾದರೆ ಕತ್ತರಿಸಿ ಎಸೆಯಲು ಹೊಟ್ಟೆ ಉರಿಯುವುದಿಲ್ಲ. ಬ್ರೇಡ್ ಅಂದರೆ ಎಳೆಗಳನ್ನು ಹೆಣೆದ ದಾರ. ತೆಳ್ಳಗೆ, ದೂರ ಹೋಗುತ್ತದೆ, ನಿಜ. ಆದರೆ ಗಾಳಿಯಲ್ಲಿ ಗಂಟು ಹಾಕಿಕೊಂಡರೆ ಬಿಡಿಸುವುದರಲ್ಲಿ ಭರತ, ಅಂದರೆ ನೀರೇರುವ ಹೊತ್ತು, ಮುಗಿದೇ ಹೋಗಿರುತ್ತದೆ. ಬೆರಳನ್ನೂ ಕೊಯ್ಯುತ್ತದೆ.

ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರ್ ಬಿಟ್ಟು ತುಂಬಿ. ಅರ್ಧ ತುಂಬಿದರೆ ದಾರ ಅಂಚಿಗೆ ಉಜ್ಜಿ ದೂರ ಕಡಿಮೆಯಾಗುತ್ತದೆ. ಕಂಠಪೂರ್ತಿ ತುಂಬಿದರೆ ಸುರುಳಿ ಸುರುಳಿಯಾಗಿ ಉದುರುತ್ತದೆ.

ಶಾಕ್ ಲೀಡರ್ ಅಂದರೇನು? ಅದು ಬೇಕೇ ಬೇಕಾ?

ಬೇಕೇ ಬೇಕು. ಇದರಲ್ಲಿ ಮಾತ್ರ ಚೌಕಾಸಿ ಇಲ್ಲ. ಬೀಸುವಾಗ ಗುಂಡಿನ ಎಳೆತ ಪೂರ್ತಿ ದಾರದ ಮೇಲೆ ಬೀಳುತ್ತದೆ. ತೆಳು ದಾರ ಆ ಕ್ಷಣದಲ್ಲಿ ಕಿತ್ತುಹೋದರೆ ನೂರು ಗ್ರಾಂ ಸೀಸ ಕವಣೆ ಕಲ್ಲಿನ ಹಾಗೆ ಹಾರುತ್ತದೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕೇ ಮುಂದಿನ ಭಾಗಕ್ಕೆ ದಪ್ಪ ದಾರ ಗಂಟು ಹಾಕುವುದು. ಲೆಕ್ಕ ಸುಲಭ: ಗುಂಡಿನ ಒಂದು ಔನ್ಸಿಗೆ 10 ಪೌಂಡ್ ತಾಕತ್ತು. ನಾಲ್ಕು ಔನ್ಸ್ ಅಂದರೆ 113 ಗ್ರಾಂ, ಅದಕ್ಕೆ 40 ಪೌಂಡಿನ ದಾರ. ಉದ್ದ ರಾಡಿನ ಎರಡರಷ್ಟು. ಬೀಸಲು ನಿಂತಾಗ ದಪ್ಪ ದಾರ ಸ್ಪೂಲಿನ ಮೇಲೆ ನಾಲ್ಕೈದು ಸುತ್ತು ಉಳಿದಿರಬೇಕು.

ಗುಂಡು, ಕೊಕ್ಕೆ?

ಪಿರಮಿಡ್ ಆಕಾರದ ಗುಂಡು ಮರಳಿನಲ್ಲಿ ಕೂರುತ್ತದೆ. ನೀರಿನ ಸೆಳೆತ ಜಾಸ್ತಿ ಇದ್ದರೆ ತಂತಿ ಕಾಲಿನದು. ದುಂಡನೆಯದು ಉರುಳುತ್ತದೆ. ಸೀಸ ಮುಟ್ಟಿದ ಕೈಯಲ್ಲಿ ಮಂಡಕ್ಕಿ ತಿನ್ನಬೇಡಿ, ತೊಳೆದುಕೊಳ್ಳಿ.

ಕೊಕ್ಕೆಯ ನಂಬರ್ ತಲೆ ತಿನ್ನುತ್ತದೆ. 8ಕ್ಕಿಂತ 6 ದೊಡ್ಡದು, 6ಕ್ಕಿಂತ 2 ದೊಡ್ಡದು, 1 ಆದಮೇಲೆ ಲೆಕ್ಕ ತಿರುಗಿ 1/0, 2/0, 3/0 ಅಂತ ದೊಡ್ಡದಾಗುತ್ತಾ ಹೋಗುತ್ತದೆ. ಕಾಣೆ ಮೀನಿನ ಬಾಯಿ ಚಿಕ್ಕದು, 6 ಅಥವಾ 8ರ ಕೊಕ್ಕೆ ಸಾಕು. ದೊಡ್ಡ ಎರೆ ಹಾಕಿ ಕೆಂಬೇರಿಗೋ ಕೊಡ್ಡಾಯಿಗೋ ಕಾಯುವುದಾದರೆ 2/0, 3/0ರ ಸರ್ಕಲ್ ಕೊಕ್ಕೆ, ಅಂದರೆ ತುದಿ ಒಳಕ್ಕೆ ಬಾಗಿದ್ದು. ಸರ್ಕಲ್ ಕೊಕ್ಕೆ ಹಾಕಿದಾಗ ರಾಡನ್ನು ಜಗ್ಗಬೇಡಿ. ಮೀನು ಎಳೆದುಕೊಂಡು ತಿರುಗಿದಾಗ ಬಾಯಿಯ ಮೂಲೆಗೆ ತಾನೇ ಸಿಕ್ಕಿಕೊಳ್ಳುತ್ತದೆ. ಸುಮ್ಮನೆ ಸುತ್ತಲು ಶುರು ಮಾಡಿ.

ಎರೆ ದಾವಣಗೆರೆಯಿಂದಲೇ ಒಯ್ಯಬಹುದಾ?

ಬೇಡ. ಇಲ್ಲಿಗೆ ಬರುವ ಮೀನೇ ಅಲ್ಲಿಂದ ಐಸಿನಲ್ಲಿ ಬರುವುದು. ಅದನ್ನು ವಾಪಸ್ ಕಡಲಿಗೆ ಒಯ್ದರೆ ಎರಡು ಘಾಟಿ ದಾಟಿದ ಎರೆ, ಎಸೆದ ಕೂಡಲೇ ಕೊಕ್ಕೆಯಿಂದ ಕಳಚಿ ಬೀಳುತ್ತದೆ. ಬೆಳಿಗ್ಗೆ ಅಲ್ಲಿನ ಮಾರುಕಟ್ಟೆಯಲ್ಲೇ ಸಿಗಡಿ, ಬೂತಾಯಿ, ಬೊಂಡಾಸ್ (ಸ್ಕ್ವಿಡ್) ತಗೊಳ್ಳಿ. ಬೊಂಡಾಸ್ ಗಟ್ಟಿ, ಸಣ್ಣ ಮೀನುಗಳು ಕಚ್ಚಿದರೂ ಬಿಡುವುದಿಲ್ಲ. ಸಿಗಡಿಗೆ ಮೀನು ಬೇಗ ಬರುತ್ತದೆ, ಆದರೆ ಮೆತ್ತಗೆ. ಒಂದು ಗಂಟೆ ಕಲ್ಲುಪ್ಪು ಹಾಕಿಟ್ಟರೆ ಗಟ್ಟಿಯಾಗುತ್ತದೆ. ಆಮೇಲೆ ತೆಳು ಎಲಾಸ್ಟಿಕ್ ದಾರದಿಂದ ಕೊಕ್ಕೆಗೆ ಸುತ್ತಿ. ಗಂಟು ಬೇಡ, ಹತ್ತು ಸುತ್ತು ಸುತ್ತಿ ಎಳೆದು ಕಿತ್ತರೆ ತಾನೇ ಕಚ್ಚಿಕೊಳ್ಳುತ್ತದೆ. ನನಗೆ ಆ ದಾರ ಕೊಟ್ಟವರು ನಮ್ಮ ಬೀದಿಯ ಟೈಲರ್. ಯಾತಕ್ಕೆ ಅಂತ ಕೇಳಿದರು, ಹೇಳಿದೆ. ಅವತ್ತಿನಿಂದ ಅವರಿಗೂ ಮೀನಿನಲ್ಲಿ ಪಾಲು.

ಎಷ್ಟು ದೂರ ಎಸೆಯಬೇಕು?

ನೀವು ಅಂದುಕೊಂಡಷ್ಟಲ್ಲ. ಎಲ್ಲರೂ ನೂರೈವತ್ತು ಮೀಟರಿನ ಕನಸು ಕಾಣುತ್ತಾರೆ. ಕಾಣೆ ಎಷ್ಟೋ ಸಲ ಮೂವತ್ತು ಮೀಟರಿನಲ್ಲೇ ಇರುತ್ತದೆ, ಒಡೆದ ಅಲೆ ಮರಳು ಕದಡುವ ಜಾಗದಲ್ಲಿ. ಇಳಿತದ ಹೊತ್ತಿಗೆ ದಂಡೆಗೆ ಹೋಗಿ ಒಂದು ಸುತ್ತು ನಡೆಯಿರಿ. ಎಲ್ಲಿ ತಗ್ಗಿದೆ, ಎಲ್ಲಿ ದಿಬ್ಬ ಇದೆ ಅಂತ ಬರಿಗಣ್ಣಿಗೆ ಕಾಣುತ್ತದೆ. ನಮ್ಮ ಹೊಲದ ಬದು, ಕಾಲುವೆ ಇದ್ದ ಹಾಗೇ. ನೀರು ಏರಿದ ಮೇಲೆ ಆ ತಗ್ಗಿಗೆ ಎರೆ ಹಾಕಿ. ಅಲೆ ಒಡೆಯದ, ಬಣ್ಣ ಸ್ವಲ್ಪ ಕಪ್ಪಗಿರುವ ನೀರು ಅದು. ಅರವತ್ತು ಮೀಟರ್ ನೆಟ್ಟಗೆ ಎಸೆಯಲು ಬಂದರೆ ಮೊದಲ ವರ್ಷಕ್ಕೆ ಬೇಕಾದಷ್ಟಾಯಿತು. ಎರಡೂವರೆ ಸಾವಿರದ ರಾಡ್ ಅಷ್ಟನ್ನು ಧಾರಾಳವಾಗಿ ಎಸೆಯುತ್ತದೆ.

ಅಭ್ಯಾಸ ಎಲ್ಲಿ ಮಾಡೋದು?

ಆಟದ ಮೈದಾನದಲ್ಲಿ ಖಂಡಿತ ಬೇಡ. ಭತ್ತ ಕೊಯ್ದ ಗದ್ದೆ, ಜನ ಇಲ್ಲದ ಕೆರೆ ಅಂಗಳ ಸರಿ. ಕೊಕ್ಕೆ ಕಟ್ಟದೆ ಬರೀ ಗುಂಡು ಹಾಕಿ ಎಸೆಯಿರಿ. ಶುರು ಮಾಡುವ ಮುಂಚೆ ತಲೆ ಎತ್ತಿ ನೋಡಿ. ನಮ್ಮ ಕಡೆ ಹೊಲದ ಮೇಲೆಲ್ಲ ಪಂಪ್‌ಸೆಟ್ಟಿನ ಕರೆಂಟ್ ತಂತಿ. 12 ಅಡಿ ರಾಡನ್ನು ಕೈಯೆತ್ತಿ ಹಿಡಿದರೆ ಎಷ್ಟು ಎತ್ತರ ಆಗುತ್ತೆ ಅಂತ ಲೆಕ್ಕ ಹಾಕಿ.

ಯಾವಾಗ ಹೋಗಬೇಕು?

ಅಕ್ಟೋಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ಕಡಲಿಗೆ ಇಳಿಯುವಂತಿಲ್ಲ. ದಂಡೆಯಲ್ಲಿ ನಿಲ್ಲುವ ನಮಗೆ ಆ ಕಾನೂನು ಅಲ್ಲದಿದ್ದರೂ ಆ ಅಲೆಗಳು ಎಲ್ಲರಿಗೂ ಒಂದೇ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ಭರತ ಏರುತ್ತಿರುವ ಎರಡು ಮೂರು ಗಂಟೆ ನನಗೆ ಒಗ್ಗಿದ ಹೊತ್ತು. ಅದು ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದಕ್ಕೆ ಹೋಗುತ್ತದೆ, ಮೊಬೈಲಿನಲ್ಲಿ ನೋಡಿಕೊಂಡು ಹೊರಡಿ. ಅಮಾವಾಸ್ಯೆ ದಿನ ಹೊಸ ಕೆಲಸಕ್ಕೆ ಹೊರಡೋಕೆ ನಮ್ಮ ಮನೆಯಲ್ಲಿ ಬಿಡುವುದಿಲ್ಲ, ಹಾಗಾಗಿ ಹಿಂದಿನ ದಿನವೇ ಹೋಗಿ ಕೂತಿರುತ್ತೇನೆ.

ಕಾಸರಕೋಡಿನಂಥ ಕಡೆ ಜನ ಸ್ನಾನಕ್ಕೆ ಇಳಿಯುವ ಜಾಗದಿಂದ ದೂರ ಹೋಗಿ ಗಾಳ ಹಾಕಿ. ಬಲೆ ಎಳೆಯುವವರು ಬಂದರೆ ದಾರ ಸುತ್ತಿಕೊಂಡು ಜಾಗ ಬಿಡಿ. ಅವರಿಗೆ ಅದು ಹೊಟ್ಟೆಪಾಡು.

ಇದೇ ಸೆಟ್ಟನ್ನು ಸೂಳೆಕೆರೆಗೆ, ಮಾರಿಕಣಿವೆಗೆ ಬಳಸಬಹುದಾ?

ಬಳಸಬಹುದು, ಆದರೆ ಜಿಲೇಬಿ ಮೀನಿಗೆ 12 ಅಡಿ ರಾಡ್ ಅಂದರೆ ಇಲಿ ಹೊಡೆಯೋಕೆ ಒನಕೆ ಎತ್ತಿದ ಹಾಗೆ. ದೊಡ್ಡ ಮೀನಿಗೆ ಆಗುತ್ತದೆ. ಚಳ್ಳಕೆರೆ ಕಡೆಯ ಗಾಣದ ಶೇಂಗಾ ಹಿಂಡಿಯನ್ನು ರಾಗಿ ಹಿಟ್ಟಿನ ಜೊತೆ ಕಲಸಿ ಉಂಡೆ ಮಾಡಿ, 60 ಗ್ರಾಂ ಗುಂಡಿನ ಜೊತೆ ತಳಕ್ಕೆ ಬಿಟ್ಟು ಕಾಯಬಹುದು. ಎರಡೂ ಕಡೆಗೆ ಒಂದೇ ಸೆಟ್ ಅಂತ ಮೊದಲೇ ನಿರ್ಧಾರ ಮಾಡಿದ್ದರೆ 10 ಅಡಿ, 50–100 ಗ್ರಾಂ ರಾಡ್, 5000 ರೀಲ್ ತಗೊಳ್ಳಿ. ಕಡಲು ಶಾಂತ ಇರುವ ದಿನ ಅದೂ ನಡೆಯುತ್ತದೆ.

ಕೆರೆ, ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆ ಹಿಡಿದವರದು. ಕೇಳಿಯೇ ಗಾಳ ಹಾಕಿ.

ತೊಳೆಯೋದು ಹೇಗೆ? ರೀಲ್ ಒಂದೇ ವರ್ಷಕ್ಕೆ ಹೋಯಿತು.

ಉಪ್ಪು ಕೆಲಸ ಮಾಡುವುದು ನೀವು ನಿದ್ದೆ ಮಾಡುವಾಗ. ಮನೆಗೆ ಬಂದು ನಾಳೆ ತೊಳೆದರಾಯಿತು ಅಂದರೆ ತಡವಾಯಿತು. ಹೊರಡುವ ಮುಂಚೆ ಅಲ್ಲೇ ಒಂದು ಬಾಟಲಿ ಸಿಹಿನೀರಿನಲ್ಲಿ ರೀಲ್, ಉಂಗುರಗಳನ್ನು ತೊಳೆಯಿರಿ. ತೊಳೆಯುವಾಗ ಡ್ರ್ಯಾಗ್ ಬಿಗಿ ಇರಲಿ, ನೀರು ಒಳಗೆ ಹೋಗಬಾರದು. ಒಣಗಿದ ಮೇಲೆ ಸಡಿಲ ಮಾಡಿ. ಗಾಡಿ ತೊಳೆಯುವ ಜೋರು ಪೈಪು ಹಿಡಿಯಬೇಡಿ, ಅದು ಉಪ್ಪನ್ನು ಒಳಕ್ಕೆ ನುಗ್ಗಿಸುತ್ತದೆ. ದಾರ ಜಾರುವ ಸಣ್ಣ ರೋಲರಿಗೆ, ಹಿಡಿಕೆಗೆ ಒಂದೊಂದು ತೊಟ್ಟು ಹೊಲಿಗೆ ಮಷೀನಿನ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ.

ಮುಳ್ಳು ಚುಚ್ಚಿದರೆ?

ಚಪ್ಪಟೆ ಮೈಯ ತೊರಕೆ ಮೀನಿನ ಬಾಲದಲ್ಲಿ, ಮೀಸೆ ಇರುವ ಶೇಡೆಯ ರೆಕ್ಕೆಗಳಲ್ಲಿ ವಿಷದ ಮುಳ್ಳು ಇರುತ್ತದೆ. ಇವು ಬಂದರೆ ಕೈ ಹಾಕಬೇಡಿ, ದಾರ ಕತ್ತರಿಸಿ ಬಿಡಿ. ಚುಚ್ಚಿದರೆ ಆ ಭಾಗವನ್ನು ಸುಡದಷ್ಟು, ತಡೆಯುವಷ್ಟು ಬಿಸಿನೀರಿನಲ್ಲಿ ಇಟ್ಟರೆ ನೋವು ಇಳಿಯುತ್ತದೆ. ಅದು ಆಸ್ಪತ್ರೆಗೆ ಹೋಗುವವರೆಗಿನ ಉಪಾಯ ಮಾತ್ರ.

ರಾಡ್ ಇಡುವ ಸ್ಟ್ಯಾಂಡ್ ತಗೋಬೇಕಾ? ಬಸ್ಸಿನಲ್ಲಿ ರಾಡ್ ಒಯ್ಯೋದು ಹೇಗೆ?

ಎರಡಕ್ಕೂ ಉತ್ತರ ನೀರಾವರಿ ಪೈಪಿನ ಅಂಗಡಿಯಲ್ಲಿದೆ. ರಾಡಿನ ಬುಡ ಸಲೀಸಾಗಿ ಕೂರುವ ಎರಡಿಂಚಿನ ಪಿವಿಸಿ ಪೈಪು ನಾಲ್ಕಡಿ ತಗೊಂಡು ಒಂದು ತುದಿ ಓರೆಯಾಗಿ ಕೊಯ್ಯಿಸಿ, ಮರಳಿಗೆ ಒಂದೂವರೆ ಅಡಿ ಇಳಿಸಿ. ಮೇಲಿನಿಂದ ಒಂದಡಿ ಕೆಳಗೆ ತೂತು ಕೊರೆದು ಬೋಲ್ಟ್ ಹಾಕಿದರೆ ರಾಡಿನ ಬುಡ ಅದರ ಮೇಲೆ ನಿಲ್ಲುತ್ತದೆ, ಒಳಗೆ ಮರಳಿಗೆ ತಾಗುವುದಿಲ್ಲ. ಒಯ್ಯುವುದಕ್ಕೆ ಮೂರು ತುಂಡನ್ನೂ ಹಳೇ ಪಂಚೆಯಲ್ಲಿ ಸುತ್ತಿ ನಾಲ್ಕಿಂಚಿನ ಪೈಪಿನೊಳಗೆ ಹಾಕಿ, ಎರಡೂ ಕಡೆ ಮುಚ್ಚಳ. ನಾನು ಹಾಗೇ ಒಯ್ಯುವುದು. ಕಳೆದ ಸಲ ಶಿವಮೊಗ್ಗದ ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ನೋಡಿ ‘ಬೋರ್ ಎಷ್ಟು ಅಡಿಗೆ ನೀರು ಬಂತು ಸಾರ್?’ ಅಂತ ಕೇಳಿದರು. ‘ಇನ್ನೂ ಬಿದ್ದಿಲ್ಲ’ ಅಂದೆ.